ಮೇಲಿನ ಹೊಲದ ಬೀಜ

ತಿಫ್ರಾನ್ ಹಳ್ಳಿ, ಕೆತಾಮ ಬೆಟ್ಟ
೧೮ ಅಕ್ಟೋಬರ್ ೨೦೨೩

ತಾಮುವಿನ ಅಪ್ಪನಿಗೆ ಯಾಮ್ನಾಳ ಸಲಾಮುಗಳು.

ದೇವರ ದಯೆಯಿಂದ ನೀವು ಅಲ್ಲಿ ತಾಂಜಿಯರ್‌ನಲ್ಲಿ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ನಿಮ್ಮ ಪತ್ರಗಳೆಲ್ಲ ತಲುಪಿವೆ. ಬ್ರೆಡ್ಡಿನ ವ್ಯಾನಿನ ಡ್ರೈವರು ಪ್ರತಿ ಸಲವೂ ಅಂಗಳದ ತನಕ ಬಂದು ನಮ್ಮ ಕೈಗೇ ಕೊಟ್ಟು ಹೋಗಿದ್ದಾನೆ. ಬೇಸಿಗೆಯಿಂದ ಒಂದಕ್ಕೂ ಉತ್ತರ ಬರೆಯಲಿಲ್ಲ, ಮನ್ನಿಸಿ. ಪೊಲೀಸರು ಕೇಳಿಸಿಕೊಳ್ಳುತ್ತಾರೆ, ಫೋನು ಬೇಡ ಎಂದವರು ನೀವೇ. ಮಸೀದಿಯ ತರಗತಿಯಲ್ಲಿ ಇಷ್ಟು ವಯಸ್ಸಾದ ಮೇಲೆ ಕಲಿತ ನನ್ನ ಅಕ್ಷರಗಳೋ ಎಳೆದರೂ ಮುಂದೆ ಹೋಗುವುದಿಲ್ಲ.

ಅತ್ತೆ ಚೆನ್ನಾಗಿದ್ದಾರೆ. ಮಂಡಿ ನೋವು ಇದ್ದದ್ದೇ, ಬಾಯಿ ಮಾತ್ರ ಮೊದಲಿಗಿಂತ ಗಟ್ಟಿ. ತಾಮು ನನ್ನ ಭುಜ ದಾಟಿದ್ದಾಳೆ. ಹೋದ ವಾರ ಕಂದು ಮೇಕೆ ಎರಡು ಮರಿ ಹಾಕಿತು, ಒಂದು ಉಳಿಯಿತು. ಚಳಿಗಾಲಕ್ಕೆ ಬಟಾಣಿ, ಎಣ್ಣೆ ಎಲ್ಲ ಇದೆ. ಇಟ್ಟಿಗೆ ಹೊತ್ತು ಭುಜದ ಚರ್ಮ ಸುಲಿದಿದೆ ಎಂದು ಬರೆದಿದ್ದಿರಿ. ಆಲಿವ್ ಎಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಿ, ಯಾರಾದರೂ ಹಚ್ಚಿಕೊಡುವವರಿದ್ದರೆ.

ಇನ್ನು ನೀವು ಪ್ರತಿ ಪತ್ರದಲ್ಲೂ ಕೇಳಿದ ವಿಷಯ. ಬೀಜ ಉಳಿಯಿತು. ಮಾವ ಕೊಟ್ಟ ನಾಟಿ ಗಾಂಜಾ ಈ ಬೆಟ್ಟದಿಂದ ಅಳಿದುಹೋಗಲಿಲ್ಲ. ಹೇಗೆ ಉಳಿಯಿತು ಎಂಬುದನ್ನು ಸಮಾಧಾನವಾಗಿ ಓದಿ.

ಹಿಮ ಕರಗುವ ಹೊತ್ತಿಗೆ ನಾನು ಬೀಜದ ಮಡಕೆ ತೆಗೆದು ನೋಡಿದೆ. ನೀವು ಊರು ಬಿಟ್ಟ ಮೇಲೆ ನಾವು ಬಿತ್ತಿರಲೇ ಇಲ್ಲ, ಹಾಗಾಗಿ ಬೀಜ ಹಳತಾಗಿತ್ತು. ಅತ್ತೆ ಹಿಡಿಯಷ್ಟು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಇಟ್ಟರು. ಮೊಳೆತದ್ದು ನಾಲ್ಕರಲ್ಲೊಂದು. "ಈ ವರ್ಷ ಬಿತ್ತಿದ್ರೆ ಉಂಟು, ಬರೋ ವರ್ಷಕ್ಕೆ ಇದು ಕೋಳಿಗೆ" ಎಂದರು. ಮನೆಯ ಸುತ್ತ ಬಿತ್ತುವಂತಿರಲಿಲ್ಲ. ಕೆಳಗೆ ಎಲ್ಲರ ಹೊಲದಲ್ಲೂ ಸ್ಪೇನಿನಿಂದ ಬಂದ ಹೈಬ್ರಿಡ್ಡೇ ಇದೆ, ಅದರ ಹೂವಿನ ಪುಡಿ ಗಾಳಿಯಲ್ಲಿ ಬಂದು ನಮ್ಮ ಹೆಣ್ಣು ಗಿಡಕ್ಕೆ ಕೂತರೆ ತಳಿ ಬೆರೆತು ಮುಗಿಯಿತು. ದೇವದಾರು ಕಾಡಿನ ಆಚೆ ಮಾವ ಕಲ್ಲು ಕಟ್ಟಿದ್ದ ಮೇಲಿನ ಹೊಲವೊಂದೇ ಗತಿ ಎಂದು ತೀರ್ಮಾನ ಮಾಡಿದೆವು.

ನಾನೂ ತಾಮುವೂ ಗುದ್ದಲಿ ಹೊತ್ತು ಹೊರಟಾಗ ನಿಮ್ಮ ತಮ್ಮ ಹಮೀದೊ ಪಂಪಿನ ಹತ್ತಿರ ಕೂತಿದ್ದ. "ಅತ್ತಿಗೆ, ಮೊಳಕಾಲುದ್ದದ ಆ ಗಿಡಕ್ಕೆ ಯಾಕೆ ಪ್ರಾಣ ಬಿಡ್ತೀರಾ? ನನ್ನ ಒಂದು ಗಿಡ ನಿಮ್ಮ ಹತ್ತಕ್ಕೆ ಸಮ" ಎಂದ. ಬಾಗಿಲಲ್ಲಿ ನಿಂತಿದ್ದ ಅತ್ತೆ ಸುಮ್ಮನಿರುತ್ತಾರೆಯೇ? "ನಿನ್ನ ಗಿಡ ನಿನ್ನ ಹಾಗೇ ಕಣೋ. ನೀರು, ಗೊಬ್ಬರ, ಔಷಧಿ ಎಲ್ಲಾ ಕೂತಲ್ಲಿಗೇ ತಂದುಕೊಡ್ಬೇಕು." ಅವನು ನಕ್ಕ. ನನಗೂ ನಗು ಬಂತು.

ಬಿತ್ತಿದ ಮರುದಿನ ಒಂದು ಮಳೆ ಬಂತು. ಆಮೇಲೆ ಆಕಾಶ ಬಾಯಿ ಮುಚ್ಚಿಕೊಂಡಿತು. ಅಲ್ಲೊಂದು ಇಲ್ಲೊಂದು ಎದ್ದ ಸಸಿ ಮೇ ತಿಂಗಳಿಗೆ ಬಾಡತೊಡಗಿತು. ನಾಟಿ ಗಾಂಜಾಕ್ಕೆ ನೀರು ಹಾಕುವುದು ಮಾವನ ಕಾಲದಲ್ಲಿ ನಾಚಿಕೆಯ ಕೆಲಸವಾಗಿತ್ತಲ್ಲವೇ. ಅತ್ತೆಯೂ ಒಪ್ಪಲಿಲ್ಲ. ಬಾಯಾರಿ ಸಾಯುವ ಗಿಡ ಸಾಯಲಿ, ಉಳಿದದ್ದರ ಬೀಜವೇ ನಿಜವಾದ ಬೀಜ ಎಂದು ವಾದ ಮಾಡಿದರು. ಹಾಗೆ ಬಿಟ್ಟರೆ ಒಂದೂ ಉಳಿಯುವುದಿಲ್ಲ, ಆರಿಸುವುದಕ್ಕೆ ಗಿಡವಾದರೂ ಇರಬೇಕಲ್ಲ ಎಂದು ನಾನು ಹಟ ಹಿಡಿದೆ. ಈ ವರ್ಷದ ನಿಮ್ಮ ಮೊದಲ ಪತ್ರ ಬಂದದ್ದು ಆಗಲೇ. ಏನಾದರೂ ಮಾಡಿ ಬೀಜ ಉಳಿಸು ಎಂದು ಬರೆದಿದ್ದಿರಿ. ಅದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಅಲ್ಲಿಗೆ ಅವರು ವಾದ ಬಿಟ್ಟರು.

ಹಳ್ಳಿಯ ನೀರಿನ ಊಟೆ ಬತ್ತಿದೆ. ಹಮೀದೊ ಒಬ್ಬನದೇ ಅಲ್ಲ, ಎಲ್ಲರ ಪಂಪೂ ಸೇರಿ ಅದನ್ನು ಒಣಗಿಸಿವೆ. ಕತ್ತೆಯನ್ನು ನಿಮ್ಮ ವಕೀಲನ ಫೀಸಿಗೆಂದು ಮಾರಿದ್ದೆವು. ಹಾಗಾಗಿ ಹಳ್ಳದಿಂದ ಕ್ಯಾನಿನಲ್ಲಿ ತುಂಬಿ, ಬೆನ್ನಿಗೆ ಹಗ್ಗದಲ್ಲಿ ಕಟ್ಟಿಕೊಂಡು, ಕಾಡು ಹತ್ತಿ ಹೊತ್ತೆವು. ಗಿಡಕ್ಕೊಂದು ಲೋಟ, ಜೀವ ಹಿಡಿಯುವಷ್ಟು ಮಾತ್ರ. ಅಷ್ಟಕ್ಕೇ ಅವು ತಲೆ ಎತ್ತಿದವು.

ಜೂನ್ ಕೊನೆಯಲ್ಲಿ ಗಂಡು ಗಿಡ ಮೊಗ್ಗು ಬಿಟ್ಟಾಗ ಅತ್ತೆ ಕೋಲು ಊರಿಕೊಂಡು ಮೇಲೆ ಬಂದು ಹೊಲದ ಗುಡಿಸಲಲ್ಲೇ ಉಳಿದರು. ಸಾಲು ಸಾಲಿನಲ್ಲಿ ಕೂತುಕೊಂಡೇ ಸರಿಯುತ್ತಾ ಒಂದೊಂದರ ತುದಿ ಎಲೆ ಉಜ್ಜಿ ಮೂಸಿ ನೋಡಿದರು. ತಾಮು ಎಲ್ಲಕ್ಕಿಂತ ಎತ್ತರದ ಗಂಡು ಗಿಡ ತೋರಿಸಿ ಇದನ್ನು ಇಟ್ಟುಕೊಳ್ಳೋಣ ಎಂದಳು. ಅತ್ತೆ ಅದನ್ನೇ ಮೊದಲು ಕಿತ್ತು ಎಸೆದರು. "ಎತ್ತರ ನೋಡಿ ಗಂಡು ಆರಿಸ್ತೀಯಾ? ಮಧ್ಯಾಹ್ನ ಬಿಸಿಲಲ್ಲಿ ಬಂದು ನೋಡು, ಯಾವುದು ಜೋತು ಬಿದ್ದಿದೆ ಅಂತ." ಕೊನೆಗೆ ಉಳಿಸಿದ್ದು ಮೂರು ಗಂಡು. ಮೂರೂ ಗಿಡ್ಡ, ಕೆಂಪು ಕಾಂಡದವು, ಮೂಸಿದರೆ ಒಣ ಮಣ್ಣಿನ ಮೇಲೆ ಮೆಣಸು ಕುಟ್ಟಿದ ವಾಸನೆ. ನಿಮ್ಮ ಅಂಗಿಯಲ್ಲಿ ಇರುತ್ತಿದ್ದ ವಾಸನೆ ಅದು.

ಹೆಣ್ಣು ಗಿಡಗಳನ್ನು ಆರಿಸುವುದು ಕಷ್ಟವಾಯಿತು. ಬೇಗ ಹಣ್ಣಾಗುವುದನ್ನೂ, ಅಂಟು ಹೆಚ್ಚಿರುವುದನ್ನೂ ನೋಡಿ ಕೆಂಪು ಉಣ್ಣೆ ದಾರ ಕಟ್ಟಿದೆವು. ಆಗಸ್ಟಿನಲ್ಲಿ ಕೊಯ್ದು ನೆರಳಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆಯಾಗಿ ಕಪ್ಪು ಬಟ್ಟೆಯ ಮೇಲೆ ಬಡಿದೆವು. ಅಂಟಿನ ಪುಡಿ ಉದುರದ ಗಿಡದ ಬೀಜವನ್ನು ಅತ್ತೆ ಚಟ್ನಿಗೆ ತೆಗೆದಿಟ್ಟರು. ಒಳ್ಳೆಯ ಬೀಜ ಬೂದಿ ಬೆರೆಸಿ ಮಡಕೆಯಲ್ಲಿ ಹಾಕಿದ್ದೇನೆ. ಕೌಜುಗ ಹಕ್ಕಿಯ ಮೊಟ್ಟೆಯಂತೆ ಚುಕ್ಕಿ ಚುಕ್ಕಿ, ಬೆರಳಲ್ಲಿ ಒತ್ತಿದರೂ ಒಡೆಯುವುದಿಲ್ಲ. ಮಾವ ಇದ್ದಿದ್ದರೆ ತಪ್ಪು ಹುಡುಕುತ್ತಿರಲಿಲ್ಲ.

ಹಮೀದೊವಿನ ಬಾವಿ ಆಗಸ್ಟಿನಲ್ಲಿ ಬತ್ತಿತು. ಆಳೆತ್ತರದ ಗಿಡಗಳು ನಿಂತಲ್ಲೇ ಸುಟ್ಟ ಹಾಗೆ ಒಣಗಿದವು. ಮೊದಲೆಲ್ಲ ಸಂತೆಯಲ್ಲಿ ಬಡಾಯಿ ಕೊಚ್ಚುತ್ತಿದ್ದವನು ಈಗ ಮನೆಯಿಂದ ಹೊರಗೆ ಬರುವುದಿಲ್ಲ. ಬೀಜ ಹಸನು ಮಾಡಿದ ಮೇಲೆ ನಾನೇ ಅವನ ಮನೆಗೆ ಹೋಗಿ ಅರ್ಧ ಕೊಟ್ಟು ಬಂದೆ. ಅವನು ಬೇಡ ಎಂದ. ನೆಲದ ಮೇಲಿಟ್ಟು ಬಂದೆ.

ನಿಮಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ನಿಮ್ಮ ಮೇಲೆ ದೂರು ಕೊಟ್ಟು ವಾರಂಟು ಹೊರಡಿಸಿದವನು ಅವನೇ ಎಂದು ನೀವು ಎರಡು ಸಲ ಬರೆದಿದ್ದೀರಿ. ಇರಬಹುದು. ಅದು ಹೆಸರಿಲ್ಲದ ದೂರು. ಈ ಬೆಟ್ಟದಲ್ಲಿ ಅರ್ಧ ಗಂಡಸರು ಅಂಥ ದೂರಿನಿಂದಲೇ ಮನೆ ಬಿಟ್ಟಿದ್ದಾರೆ, ಉಳಿದರ್ಧ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಾರೆ. ನಾನು ಯಾರನ್ನೂ ಕೇಳಲು ಹೋಗಲಿಲ್ಲ.

ವಾರಂಟುಗಳನ್ನೆಲ್ಲ ರದ್ದು ಮಾಡುತ್ತಾರೆ, ಸರಕಾರವೇ ನಾಟಿ ಗಾಂಜಾ ಬೆಳೆಯಲು ಪರವಾನಗಿ ಕೊಡುತ್ತದೆ ಎಂದು ಸಂತೆಯಲ್ಲಿ ಮಾತಿದೆ. ಎಷ್ಟೋ ವರ್ಷದಿಂದ ಇರುವ ಮಾತು. ನಿಜವಾದರೆ ನೀವು ಹಗಲಿನಲ್ಲಿ, ದೊಡ್ಡ ರಸ್ತೆಯಲ್ಲೇ ನಡೆದು ಬನ್ನಿ. ಬಿತ್ತಲು ಬೀಜ ಇದೆ.

ಅತ್ತೆ ನಿಮ್ಮ ತಲೆ ಮುಟ್ಟಿ ಹರಸಿದ್ದಾರೆ ಎಂದು ತಿಳಿಯಿರಿ. ತಾಮು ನಿಮ್ಮ ಕೈಗೆ ಮುತ್ತಿಟ್ಟಿದ್ದಾಳೆ. ಎತ್ತರದಲ್ಲಿ ಕೆಲಸ ಮಾಡುವಾಗ ಕಾಲ ಕೆಳಗೆ ನೋಡಿಕೊಳ್ಳಿ. ದೇವರು ನಿಮ್ಮನ್ನು ಪರರ ಕಣ್ಣಿನಿಂದ ಮರೆಯಾಗಿಟ್ಟು, ನಮ್ಮ ಕಣ್ಣೆದುರಿಗೆ ತರಲಿ.

ನಿಮ್ಮ,
ಯಾಮ್ನಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಜನವರಿಯ ಹಿಮದಲ್ಲಿ ನೀವು ಕದ್ದು ಮನೆಗೆ ಬಂದು ಹೋದಿರಲ್ಲ, ಆಮೇಲೆ ನಾನು ಬಸುರಾಗಿದ್ದೆ. ತಾಮು ಹುಟ್ಟಿ ಇಷ್ಟು ವರ್ಷವಾದ ಮೇಲೆ. ಬೇಗ ಹೇಳಿದರೆ ದೃಷ್ಟಿಯಾಗುತ್ತದೆ ಎಂದು ಅತ್ತೆಯೂ ನಾನೂ ಬಾಯಿ ಬಿಡಲಿಲ್ಲ. ನೀರು ಹೊರಬೇಡ ಎಂದು ಅತ್ತೆ ದಿನವೂ ಹೇಳಿದರು. ತಾಮು ಒಬ್ಬಳಿಂದ ಆಗುತ್ತಿರಲಿಲ್ಲ. ಗಂಡು ಗಿಡ ಕಿತ್ತು ಮುಗಿಸಿದ ಮೇಲೆ ಒಂದು ಮಧ್ಯಾಹ್ನ, ಕ್ಯಾನು ಇಳಿಸುವಾಗ ಹೊಟ್ಟೆಯಲ್ಲಿ ಹರಿದ ಹಾಗಾಯಿತು. ಗಂಡು ಮಗು. ಐದು ತಿಂಗಳಾಗಿತ್ತು, ಉಗುರು ಬಂದಿತ್ತು. ತಾಮು ಓಡಿ ಹೋಗಿ ಹಮೀದೊವನ್ನು ಕರೆತಂದಳು. ಅವನು ನನ್ನನ್ನು ತನ್ನ ಹೇಸರಗತ್ತೆಯ ಮೇಲೆ ಕೂರಿಸಿ, ದಾರಿಯುದ್ದಕ್ಕೂ ತೋಳಿನಿಂದ ಹಿಡಿದುಕೊಂಡು ಕೆಳಗಿಳಿಸಿದ. ಅಳುತ್ತಿದ್ದ. ಮಗುವನ್ನು ಅತ್ತೆ ತಮ್ಮ ತಲೆವಸ್ತ್ರದಲ್ಲಿ ಸುತ್ತಿ ಹೊಲದ ಅಂಚಿನಲ್ಲೇ ಮಣ್ಣು ಮಾಡಿದರು.

ತಿಳಿಸಿದರೆ ನೀವು ಓಡಿ ಬರುತ್ತೀರಿ, ರಸ್ತೆಯಲ್ಲಿ ಪೊಲೀಸರ ಕೈಗೆ ಸಿಗುತ್ತೀರಿ, ಅದಕ್ಕೇ ಬರೆಯಬೇಡ ಎಂದು ಅತ್ತೆ ನನ್ನಿಂದ ಆಣೆ ಮಾಡಿಸಿಕೊಂಡರು. ಇಂದು ಆಣೆ ಮುರಿದಿದ್ದೇನೆ. ನೀವು ಬರುತ್ತಿದ್ದಿರಿ ಎಂದು ಅವರಿಗೆ ಸಂಶಯವೇ ಇಲ್ಲ. ನನಗೂ ಹಾಗೇ ಅನ್ನಿಸಬೇಕಿತ್ತು. ಹಾಸಿಗೆಯಲ್ಲಿ ಮಲಗಿದ್ದಾಗ ನಿಮ್ಮ ಎರಡನೆಯ ಪತ್ರ ಬಂತು. ತಾಮು ಓದಿ ಹೇಳಿದಳು. ಗಿಡ ಎಷ್ಟು ಉಳಿದಿವೆ ಎಂದಷ್ಟೇ ಕೇಳಿದ್ದಿರಿ.