ದಾರವಿಲ್ಲದ ಬೀಗದ ಕೈ

ಮಾರ್ಚ್ 3, ಬೆಳಿಗ್ಗೆ 7.20

ಐದೂವರೆಗೆ ಪಂಪ್ ಹಾಕಿದೆ. ಏಳಕ್ಕೆ ಆಫ್. ಎರಡನೇ ಬ್ಲಾಕಿನ ಟ್ಯಾಂಕ್ ತುಂಬಿ ಚೆಲ್ಲಲಿಲ್ಲ, ಅಷ್ಟೇ ಪುಣ್ಯ. ಮೂರನೇ ಬ್ಲಾಕಿನ ವಾಲ್ವ್ ಇನ್ನೂ ತೊಟ್ಟಿಕ್ಕುತ್ತಿದೆ. ವಾಷರ್ ಬದಲಿಸಬೇಕು.

ಇದಿಷ್ಟು ರಿಜಿಸ್ಟರಿನ ಮುಂದಿನ ಪುಟಕ್ಕೆ. ಹಿಂದಿನ ಪುಟಗಳು ನನ್ನವು. ಯಾರೂ ತಿರುವಿ ನೋಡುವುದಿಲ್ಲ. ಮುಂದಿನದನ್ನೇ ನೋಡುವುದಿಲ್ಲ...

ಮಂಚದ ಕಾಲಿನ ಇಟ್ಟಿಗೆಗೆ ಇವತ್ತೂ ಹೆಬ್ಬೆರಳು ಎಡವಿತು. ಹೆಂಡತಿಯ ಮಂಡಿನೋವಿಗೆಂದು ಮಂಚ ಎತ್ತರಿಸಿದ್ದು. ಅವಳು ಹೋಗಿ ಆರು ತಿಂಗಳಾಯಿತು. ಇಟ್ಟಿಗೆ ತೆಗೆಯಬೇಕು ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಪಂಪಿನ ಹೊತ್ತಾಗುತ್ತದೆ.

ವಸತಿ ಕಚೇರಿಯಿಂದ ಕಾಗದ ಬಂದಿದೆ. ನಾಳೆ ಒಬ್ಬರು ಆರ್ಕಿಟೆಕ್ಟ್ ಬರುತ್ತಾರೆ. ನಾಲ್ಕೂ ಬ್ಲಾಕಿನಲ್ಲಿ ಯಾವುದಕ್ಕೂ ಬಾರದೆ ಬಿದ್ದಿರುವ ಮೂಲೆ, ಸಂದುಗಳನ್ನು ಅಳೆದು, ಜನಕ್ಕೆ ಉಪಯೋಗವಾಗುವಂತೆ ಮಾಡುತ್ತಾರಂತೆ. ಸಂಘದ ಕಾರ್ಯದರ್ಶಿ ಬಾಗಿಲಿಗೇ ಬಂದು ಹೇಳಿದರು. "ಕೇರ್‌ಟೇಕರ್ ನೀವು, ಎಲ್ಲಾ ಬೀಗ ತೆಗೆದು ತೋರಿಸಿ. ಎಲ್ಲಾದ್ರೂ ಇಲಿ ಸತ್ತು ಬಿದ್ದಿದ್ರೆ ಇವತ್ತೇ ಎತ್ತಿ ಹಾಕಿ."

ಒಟ್ಟು ಇಪ್ಪತ್ತಮೂರು ಬೀಗ.

ಮಾರ್ಚ್ 4

ಆರ್ಕಿಟೆಕ್ಟ್ ಅಂದರೆ ಒಬ್ಬಳು ಹುಡುಗಿ. ನಮಗೊಬ್ಬಳು ಮಗಳಿದ್ದಿದ್ದರೆ ಇದೇ ವಯಸ್ಸು. ಟೇಪು ಹಿಡಿದು ಅಳೆಯುವುದಿಲ್ಲ. ಕೈಯಲ್ಲೊಂದು ಸಣ್ಣ ಯಂತ್ರ, ಅದರಿಂದ ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ, ಅಳತೆ ತಾನೇ ಬರುತ್ತದೆ. ಎರಡನೇ ಮಹಡಿಯ ಟೈಲರಕ್ಕ ನೋಡಿದ ಕೂಡಲೇ ಹೆಸರಿಟ್ಟಾಯಿತು — ಕೆಂಪುಚುಕ್ಕೆ ಮೇಡಂ.

ಪ್ರತಿ ಜಾಗದಲ್ಲೂ ಅವಳದು ಒಂದೇ ಪ್ರಶ್ನೆ. "ಇಲ್ಲಿ ಮುಂಚೆ ಯಾರು ಏನು ಮಾಡ್ತಿದ್ರು?" ಏನಿದೆ ಅಂತ ಕೇಳುವುದಿಲ್ಲ. ಯಾರಿದ್ದರು ಅಂತ ಕೇಳುತ್ತಾಳೆ.

ಟ್ಯಾಂಕಿನ ಕೆಳಗಿನ ಜಾಗ, ಎರಡು ಬ್ಲಾಕುಗಳ ನಡುವಿನ ಸಂದು, ಮುಚ್ಚಿದ ಕಸದ ಕೋಣೆ, ಎಲ್ಲ ತೋರಿಸಿದೆ. ಕೀ ಗೊಂಚಲು ನೋಡಿ ನಕ್ಕಳು.

"ಇದೇನು ಅಂಕಲ್, ಇಷ್ಟು ಬಣ್ಣದ ದಾರ?"

"ಮನೆಯವಳು ಕಟ್ಟಿದ್ದು. ನನಗೆ ಚಾಳೀಸು ಬಂದಾಗ ನಂಬರ್ ಕಾಣ್ತಿರಲಿಲ್ಲ. ನೀಲಿ ಪಂಪ್‌ಮನೆ, ಹಳದಿ ಟೆರೇಸು..."

"ಒಂದಕ್ಕೆ ಕಟ್ಟೇ ಇಲ್ವಲ್ಲ?"

ಗೊಂಚಲು ತಿರುಗಿಸಿ ಹಿಡಿದೆ. ಅದು ನಮ್ಮದೇ ಬ್ಲಾಕಿನ ಮೆಟ್ಟಿಲ ಕೆಳಗಿನದು. ಗ್ರಿಲ್ ಹಾಕಿದೆ. ಆಚೆಯಿಂದಲೇ ತೋರಿಸಿದೆ, ಬೀಗ ತೆಗೆಯಲಿಲ್ಲ.

"ಇಲ್ಲಿ ಯಾರಿದ್ರು?"

"ಖಾಲಿ, ಮೇಡಂ. ಮೊದಲಿಂದಲೂ ಖಾಲಿ. ಯಾರೂ ಬಳಸ್ತಿರಲಿಲ್ಲ."

ಬರೆದುಕೊಂಡಳು. ಹಾಳೆಯ ಕೆಳಗೆ ಸಹಿ ಹಾಕಿಸಿಕೊಂಡಳು. ಹಾಕಿದೆ.

ಮಾರ್ಚ್ 6

ಕಚೇರಿಯಿಂದ ಮೊದಲ ಪಟ್ಟಿ ಬಂತು. ಸಂದಿನಲ್ಲಿ ಬಟ್ಟೆ ಒಣಗಿಸಲು ಕಂಬಿ. ಕಸದ ಕೋಣೆ ಒಡೆದು ಮಕ್ಕಳಿಗೆ ಓದುವ ಜಾಗ. ಟ್ಯಾಂಕಿನ ಕೆಳಗೆ ಸೈಕಲ್. ನಮ್ಮ ಮೆಟ್ಟಿಲ ಕೆಳಗೆ — ಕರೆಂಟ್ ಮೀಟರ್ ಬೋರ್ಡುಗಳು. ಸುತ್ತ ಇಟ್ಟಿಗೆ ಗೋಡೆ, ಕಬ್ಬಿಣದ ಬಾಗಿಲು. ಖಾಲಿ ಜಾಗ ತಾನೆ.

ಟೈಲರಕ್ಕ ನೋಟೀಸು ಬೋರ್ಡಿನ ಮುಂದೆ ನಿಂತು ಓದಿದಳು. ತಿರುಗಿ ನನ್ನನ್ನು ನೋಡಿದಳು.

"ಖಾಲಿ ಅಂತ ಹೇಳಿದೋರು ಯಾರಣ್ಣ?"

"ಕಚೇರಿಯವರು..."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀರಲ್ಲ. ಇಪ್ಪತ್ತಮೂರು ಬೀಗ ಇದೆ ನಿಮ್ಮ ಹತ್ರ. ಸಾಲದು ಅಂತ ಬಾಯಿಗೂ ಒಂದು."

ಮಷೀನಿನ ಎಣ್ಣೆ ಡಬ್ಬಿ ಹಿಡಿದು ಮೇಲೆ ಹೋದಳು. ಮೊದಲಾಗಿದ್ದರೆ ಇಂಥ ಮಾತಿಗೆ ಏಳು ಜನ ನಗುತ್ತಿದ್ದರು.

ಮಾರ್ಚ್ 7, ಮಧ್ಯಾಹ್ನ

ಬರೆದೇಬಿಡುತ್ತೇನೆ. ಇಲ್ಲಿಯಾದರೂ.

ಮೂರು ವರ್ಷದ ಹಿಂದಿನವರೆಗೆ ಮೆಟ್ಟಿಲ ಕೆಳಗೆ ಏಳು ಹೆಂಗಸರು ಕೂರುತ್ತಿದ್ದರು. ಹತ್ತರಿಂದ ಹನ್ನೆರಡು. ಒಬ್ಬರು ಬಟನ್ ಹೊಲಿಯುತ್ತಿದ್ದರು, ಒಬ್ಬರು ಸೊಪ್ಪು ಬಿಡಿಸುತ್ತಿದ್ದರು, ಉಳಿದವರ ಬಾಯಿಗೆ ಕೆಲಸ. ಎಲ್ಲರಿಗಿಂತ ಮೊದಲು ಇಳಿದು ಬರುತ್ತಿದ್ದವಳು ಅವಳು. ಮೂರನೇ ಮಹಡಿ, ನಲವತ್ತೆಂಟು ಮೆಟ್ಟಿಲು, ಗೋಡೆ ಹಿಡಿದುಕೊಂಡು. ಉಳಿದವರು ಮನೆಯಿಂದ ಸಣ್ಣ ಸ್ಟೂಲು ತರುತ್ತಿದ್ದರು, ಅವಳಿಗೆ ಕೂರಲು ಅದಕ್ಕಿಂತ ಗಿಡ್ಡದಾದ ನನ್ನದೇ ಒಂದು ಹಳೇ ಬಣ್ಣದ ಡಬ್ಬ, ಬೋರಲು ಹಾಕಿದ್ದು. ಮನೆಯಲ್ಲಿ ಅವಳಿಗೆ ಮಾತಿಗೆಂದು ನಾನೊಬ್ಬನೇ. ನಾನು ಮಾತಾಡುವವನಲ್ಲ.

ನಾಲ್ಕನೇ ಮಹಡಿಯಿಂದ ಎರಡು ದೂರು ಬಂತು. ನಗು ಮೆಟ್ಟಿಲು ಹತ್ತಿ ಮೇಲೆ ಬರುತ್ತದಂತೆ. ಕಾರ್ಯದರ್ಶಿ ಮೆಟ್ಟಿಲ ಬುಡದಲ್ಲೇ ನಿಂತು ನಾಲ್ಕು ಜನರ ಮುಂದೆ ಅಂದರು, "ಮೊದಲು ಕೂರೋದೇ ನಿಮ್ಮ ಮನೆಯವರು. ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ. ಒಂದು ಬೋರ್ಡ್ ಹಾಕಿ, ಗಲಾಟೆ ಮಾಡಬಾರದು ಅಂತ."

ಬೋರ್ಡ್ ಹಾಕಿ ಅಂದಿದ್ದು. ಗ್ರಿಲ್ ಹಾಕಿದ್ದು ನಾನು. ಭಾನುವಾರ ವೆಲ್ಡರನ್ನು ಕರೆಸಿ, ನಾನೇ ನಿಂತು ಮಾಡಿಸಿದೆ. ರಿಜಿಸ್ಟರಿನಲ್ಲಿ ಬರೆದೆ — ಕಸ ತುಂಬುತ್ತಿದ್ದ ಕಾರಣ. ಮನೆಯಲ್ಲಿ ಒಂದು ಮಾತು ಹೇಳಲಿಲ್ಲ.

ಸೋಮವಾರ ಹತ್ತಕ್ಕೆ ಅವಳು ಇಳಿದು ಬಂದಳು. ನಾನು ಅಲ್ಲೇ ಇದ್ದೆ. ಗ್ರಿಲ್ ನೋಡಿದಳು. ಬೀಗ ಕೈಯಲ್ಲಿ ಹಿಡಿದು ಒಂದು ಸಲ ತೂಗಿದಳು.

"ಬೀಗ ಒಳ್ಳೇದೇ ತಂದಿದೀರಿ."

ಅಷ್ಟೇ. ಹತ್ತಿ ಹೋದಳು.

ಸಂಜೆ ಆ ಕೀಗೂ ದಾರ ಕಟ್ಟು ಅಂದೆ. ದಾರ ಮುಗೀತು ಅಂದಳು. ಡಬ್ಬಿಯಲ್ಲಿ ದಾರ ಇತ್ತು. ನನಗೆ ಕಾಣುತ್ತಿತ್ತು.

ಆಮೇಲೆ ಅವಳು ಕೆಳಗೆ ಇಳಿಯಲಿಲ್ಲ. ಇಳಿದರೆ ಕೂರಲು ಜಾಗವಿಲ್ಲ, ಕೂರದೆ ಮತ್ತೆ ಹತ್ತಲು ಆಗುವುದಿಲ್ಲ. ಇಷ್ಟು ಸಣ್ಣ ಲೆಕ್ಕ ನನಗೆ ಆಗ ಹೊಳೆಯಲಿಲ್ಲ. ಮಂಡಿನೋವು ಜಾಸ್ತಿಯಾಗಿದೆ ಅಂದುಕೊಂಡೆ. ಮಂಚಕ್ಕೆ ಇಟ್ಟಿಗೆ ಕೊಟ್ಟೆ, ದೊಡ್ಡ ಕೆಲಸ ಮಾಡಿದವನ ಹಾಗೆ. ಕೊನೆಗೆ ಇಳಿದದ್ದು ಆಸ್ಪತ್ರೆಗೆ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತುಕೊಂಡು ಇಳಿಸಿದರು. ಆ ಗ್ರಿಲ್ಲಿನ ಮುಂದೆಯೇ ಹಾದು ಹೋದದ್ದು.

ಮಾರ್ಚ್ 10

ನಾಳೆ ಮೇಡಂ ಮೇಸ್ತ್ರಿಯನ್ನು ಕರೆತಂದು ಗುರುತು ಹಾಕುತ್ತಾಳೆ. ಇವತ್ತೇ ಬೀಗ ತೆಗೆದೆ. ಎಣ್ಣೆ ಬಿಟ್ಟು ತಿರುಗಿಸಬೇಕಾಯಿತು. ಜೇಡರ ಬಲೆ, ಒಂದು ಚಪ್ಪಲಿ, ಡಬ್ಬ ಅಲ್ಲೇ.

ಒಳಗಿನ ಗೋಡೆಗೆ ಸುಣ್ಣ ಬಳಿದೆ. ಯಾಕೆ ಅಂತ ನನಗೆ ಗೊತ್ತು. ಏಳು ತಲೆ ಒರಗಿದ್ದ ಗೋಡೆ. ತಲೆಗೆಣ್ಣೆಯ ಕಲೆ ಸಾಲಾಗಿ, ಚಿತ್ರ ತೂಗುಹಾಕಿ ತೆಗೆದ ಹಾಗೆ.

ಎರಡು ಕೋಟ್ ಹೊಡೆದೆ.

ಮಾರ್ಚ್ 11

ಎಣ್ಣೆ ಕಲೆ ಸುಣ್ಣಕ್ಕೆ ನಿಲ್ಲುವುದಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಗೊತ್ತಿರಬೇಕಿತ್ತು. ಬೆಳಗಾಗುವಷ್ಟರಲ್ಲಿ ಏಳೂ ಮೇಲೆ ಬಂದಿದ್ದವು. ಹೊಸ ಬಿಳುಪಿನಲ್ಲಿ ಇನ್ನೂ ಸ್ಪಷ್ಟ.

ಮೇಡಂ ಕೆಂಪು ಚುಕ್ಕೆ ಬಿಟ್ಟವಳು ಹಾಗೇ ನಿಂತಳು.

"ಇದೇನು ಅಂಕಲ್?"

"ತೇವ."

"ತೇವ ನೆಲದಿಂದ ಹತ್ತುತ್ತೆ. ಇದು ಎದೆ ಮಟ್ಟದಲ್ಲಿ ಸಾಲಾಗಿ ಕೂತಿದೆ." ಎಣಿಸಿದಳು. "ಏಳು. ಇದೊಂದು ಕೆಳಗಿದೆ. ಮಗೂದಾ?"

ಮೇಸ್ತ್ರಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಬೇರೆ ಕಡೆ ನೋಡಿದ. ಅವನಿಗೆ ಅರ್ಥವಾಗಿತ್ತು ಅಂತ ಕಾಣುತ್ತದೆ.

"ಮಗೂದಲ್ಲ. ನನ್ನ ಹೆಂಡತಿದು. ಗಿಡ್ಡ ಡಬ್ಬದ ಮೇಲೆ ಕೂರ್ತಿದ್ಳು."

ಮೇಡಂ ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು. ಡಬ್ಬದ ಎತ್ತರ ಅಳೆದಳು. "ಹನ್ನೊಂದು ಇಂಚು. ಮಂಡಿನೋವು ಇರೋರು ಇಷ್ಟು ತಗ್ಗಿಂದ ಹೇಗೆ ಏಳ್ತಿದ್ರು?"

ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿರಲಿಲ್ಲ.

ಬಾಗಿಲಲ್ಲಿ ಟೈಲರಕ್ಕ ನಿಂತಿದ್ದಳು. "ನಾವು ಎಬ್ಬಿಸ್ತಿದ್ವಿ. ಆಚೆ ಒಂದು ಕೈ, ಈಚೆ ಒಂದು ಕೈ. ಅತ್ತಿಗೆ ದಿನಾ ಅನ್ನೋರು — ಕ್ರೇನು ಬಂತು ಕ್ರೇನು ಬಂತು ಅಂತ."

ಮಾರ್ಚ್ 12

ಮೇಡಂ ಹೇಳಿ ಹೋಗಿದ್ದಾಳೆ. ಯಾರೂ ಬಳಸುತ್ತಿರಲಿಲ್ಲ ಅನ್ನುವುದಕ್ಕೆ ನನ್ನ ಸಹಿ ಇದೆ. ನಾನೇ ತಿದ್ದಿ ಬರೆದರೆ ಮಾತ್ರ ಮೀಟರುಗಳನ್ನು ಪಂಪ್‌ಮನೆಯ ಹಿಂಗೋಡೆಗೆ ಹಾಕಿಸಬಹುದು. ನಾಳೆ ಸಂಜೆಯೊಳಗೆ. ತಿದ್ದಿದ ಹಾಳೆ ನಾಲ್ಕೂ ಬ್ಲಾಕಿನ ಬೋರ್ಡಿಗೆ ಬೀಳುತ್ತದೆ.

ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಬಳಸುತ್ತಿದ್ದವರು: ಏಳು ಹೆಂಗಸರು. ದಿನಾ ಎರಡು ಗಂಟೆ.

ಮುಚ್ಚಿದವರು: ಕೇರ್‌ಟೇಕರ್.

ಮುಚ್ಚಿದ ಕಾರಣ: ಕಸ — ಅಲ್ಲ. ಹೊಡೆದು ಹಾಕಿದೆ. ದೂರು ಬಂದಿತ್ತು — ಅದೂ ಪೂರ್ತಿ ನಿಜವಲ್ಲ. ಹೊಡೆದು ಹಾಕಿದೆ. ಕೆಲಸಕ್ಕೆ ಕುತ್ತು ಬಂದೀತು ಅಂತಲೂ ಬರೆದೆ. ಕುತ್ತೇನೂ ಇರಲಿಲ್ಲ.

ಕೊನೆಗೆ ಇಷ್ಟು: ಹೆಂಡತಿಯ ವಿಷಯದಲ್ಲಿ ಜನ ಆಡಿಕೊಂಡರು ಎಂದು ಕೇರ್‌ಟೇಕರಿಗೆ ನಾಚಿಕೆಯಾಯಿತು.

ಇದನ್ನೇ ನಾಳೆ ಹಾಳೆಯ ಮೇಲೆ ಬರೆಯುವುದು.

ಮಾರ್ಚ್ 19

ಬೋರ್ಡಿಗೆ ಬಿದ್ದು ಮೂರು ದಿನ. ಓದಿದವರು ನನ್ನ ಮುಖ ನೋಡುವುದಿಲ್ಲ. ಕಾರ್ಯದರ್ಶಿ ನೋಡಿದರು. "ಮನೆ ವಿಷಯ ಎಲ್ಲ ಬರೀಬೇಕಿತ್ತೇನ್ರಿ? ಕಟ್ಟಡದ ಹಾಳೆ ಅದು."

"ಕಾರಣ ಅಂತ ಕೇಳಿದ್ರು. ಬರೆದೆ."

ಇವತ್ತು ನೀರು ಹಿಡಿಯಲು ಬಂದ ಟೈಲರಕ್ಕ ಕೊಡವನ್ನು ನಲ್ಲಿಯ ಕೆಳಗಿಟ್ಟಳು.

"ಅತ್ತಿಗೆ ನಮಗೆ ಹೇಳಿದ್ದು ಬೇರೆ. ಕಚೇರಿ ಆರ್ಡರು, ಅವರೇನು ಮಾಡ್ತಾರೆ ಪಾಪ, ಅವರನ್ನ ಅನ್ನಬೇಡಿ ಅಂತ."

"ಯಾವಾಗ?"

"ಆವತ್ತೇ. ಆಮೇಲೂ. ನಾವು ಮೇಲೆ ನೋಡೋಕೆ ಹೋದಾಗೆಲ್ಲ."

ಕೊಡ ತುಂಬಿ ಚೆಲ್ಲುತ್ತಿತ್ತು. ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ಎರಡೂವರೆ ವರ್ಷ. ಒಂದೇ ಮನೆ, ಒಂದೇ ಮಂಚ. ನನ್ನ ಸುಳ್ಳನ್ನು ನನಗೆ ತಿಳಿಯದ ಹಾಗೆ ಅವಳು ಕಾಪಾಡಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಬಂದ ಬುದ್ಧಿಯನ್ನು ಯಾರಿಗೆ ತೋರಿಸಲಿ.

ಏಪ್ರಿಲ್ 16

ಬಹಳ ದಿನ ಬರೆಯಲಿಲ್ಲ. ಕೆಲಸ ನಡೆದಿದೆ. ಮೀಟರು ಪಂಪ್‌ಮನೆಗೆ ಹೋಯಿತು. ಮೆಟ್ಟಿಲ ಕೆಳಗೆ ಗೋಡೆಯಿಂದ ಗೋಡೆಗೆ ಕಲ್ಲಿನ ಜಗಲಿ. ಮೇಡಂ ಹಿಂಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೆ ಒಂದು ಸೀಳು ಕೊಯ್ದು ಬೆಳಕು ಬಿಟ್ಟಿದ್ದಾಳೆ. ನಾನು ಅಷ್ಟು ವರ್ಷ ನೋಡಿದರೂ ಅಲ್ಲಿ ಬೆಳಕು ಬರಬಹುದು ಅಂತ ತೋಚಿರಲಿಲ್ಲ.

ಗ್ರಿಲ್ ಗುಜರಿಗೆ ಹಾಕಲು ಎತ್ತಿದ್ದೆ. ಮೇಡಂ ತಡೆದಳು. ಕಂಬಿ ಬಿಡಿಸಿ, ಜಗಲಿಯ ತುದಿಗೆ ಹಿಡಿಕೆ ಮಾಡಿಸಿದಳು. ಏಳುವಾಗ ಹಿಡಿದುಕೊಳ್ಳಲು.

"ಎತ್ತರ ಎಷ್ಟಿಡೋಣ ಅಂಕಲ್? ಪುಸ್ತಕದಲ್ಲಿ ಒಂದು ಅಳತೆ ಇದೆ. ಆದ್ರೆ ನಿಮಗೆ ಗೊತ್ತಿರುತ್ತೆ."

ಮನೆಗೆ ಹೋಗಿ ಇಟ್ಟಿಗೆಯ ಮೇಲಿನ ಮಂಚ ಅಳೆದು ಬಂದೆ. ಹದಿನೆಂಟು ಇಂಚು.

ಗೋಡೆಗೆ ಯಾವ ಬಣ್ಣ ಅಂತ ಹೆಂಗಸರನ್ನು ಕೇಳಿದಳು. ಕಲೆ ಇರುವ ಪಟ್ಟಿಗೆ ಬಣ್ಣ ಬೇಡ ಅಂದರು. ಮೇಸ್ತ್ರಿ ತಲೆ ಕೆರೆದುಕೊಂಡ. "ಕಲೆ ಉಳಿಸೋಕೆ ದುಡ್ಡು ಕೊಡೋ ಗಿರಾಕಿನ ಇವತ್ತೇ ನೋಡಿದ್ದು."

ಏಪ್ರಿಲ್ 30

ಬಾಗಿಲಿಲ್ಲ. ಬೀಗವೂ ಇಲ್ಲ. ಹೆಂಗಸರು ಬಂದರು. ಈಗ ಐವರೇ. ಒಬ್ಬರು ಮಗನ ಮನೆಗೆ ಹೋಗಿದ್ದಾರೆ. ತಂತಮ್ಮ ಕಲೆಯ ಕೆಳಗೆ ಕೂತು, ತಲೆ ಈಗ ಕಲೆಗಿಂತ ಮೇಲೆ ಬರುತ್ತದೆ ಅಂತ ನಕ್ಕರು. "ನಾವು ಬೆಳೆದ್ವಿ ಕಣೇ ಈ ವಯಸ್ಸಲ್ಲಿ."

ಹಿಡಿಕೆಯ ಪಕ್ಕದ ಜಾಗ ಬಿಟ್ಟಿದ್ದರು. ಟೈಲರಕ್ಕ ಕರೆದಳು. "ಬನ್ನಿ ಅಣ್ಣ, ಅಲ್ಲಿ ಕೂತ್ಕೊಳ್ಳಿ."

ಪಂಪ್ ಇದೆ ಅಂದೆ. ಹತ್ತೂವರೆಗೆ ಯಾವ ಪಂಪೂ ಇರುವುದಿಲ್ಲ. ಅವಳಿಗೂ ಗೊತ್ತು.

ಮೇ 3, ಮಧ್ಯಾಹ್ನ 2.15

ಬೆಳಿಗ್ಗೆ ಪಂಪ್ ಸರಿ. ಮೂರನೇ ಬ್ಲಾಕಿಗೆ ವಾಷರ್ ಹಾಕಿದೆ. ದಾರವಿಲ್ಲದ ಕೀಯನ್ನು ಗೊಂಚಲಿನಿಂದ ತೆಗೆಯಲು ಹೋದೆ. ತೆಗೆಯಲಿಲ್ಲ. ಅವಳ ಡಬ್ಬಿಯಿಂದ ಬಿಳಿ ದಾರ ತಂದು ನಾನೇ ಕಟ್ಟಿದೆ. ಗಂಟು ಸರಿಯಾಗಿ ಬರಲಿಲ್ಲ.

ಮಧ್ಯಾಹ್ನ ಅಲ್ಲಿ ಯಾರೂ ಇರಲಿಲ್ಲ. ಹೋಗಿ ಹಿಡಿಕೆಯ ಪಕ್ಕ ಕೂತೆ. ಸೀಳಿನ ಬೆಳಕು ಮೊಣಕಾಲಿನ ಮೇಲೆ ಬೀಳುತ್ತದೆ. ಅವಳ ಕಲೆ ನನ್ನ ಭುಜದ ಮಟ್ಟಕ್ಕೆ ಬರುತ್ತದೆ. ಮೇಲೆ ಯಾರೋ ಪಾತ್ರೆ ತೊಳೆಯುವುದು ಕೇಳುತ್ತದೆ. ಮಾತು ಕೂಡ ಕೇಳುತ್ತದೆ, ಪ್ರತಿ ಮಹಡಿಯದು. ಹಾಗಾದರೆ ಕೆಳಗಿನ ಮಾತು ಮೇಲಕ್ಕೂ ಕೇಳುತ್ತಿತ್ತು. ನಮ್ಮ ಮನೆಗೂ. ಆವತ್ತು ಕಾರ್ಯದರ್ಶಿ ಅಂದದ್ದೂ.

ಹದಿನೆಂಟು ಇಂಚು ಸರಿಯಾಗಿದೆ. ಒಂದು ಕೈ ಹಿಡಿಕೆಗೆ ಕೊಟ್ಟೆ, ಸಲೀಸಾಗಿ ಎದ್ದೆ. ಮತ್ತೆ ಕೂತೆ. ಮತ್ತೆ ಎದ್ದೆ. ಯಾರೂ ಎಬ್ಬಿಸಬೇಕಿಲ್ಲ. ಅವಳೂ ಹೀಗೆಯೇ ಎದ್ದು, ಹನ್ನೆರಡಾಯಿತು ಅಂತ, ಗೋಡೆ ಹಿಡಿದು ಮೆಲ್ಲಗೆ ಮೇಲೆ ಹತ್ತಿ ಹೋಗಬಹುದಿತ್ತು.