ನಮ್ಮದಲ್ಲದ ನಾಯಿಗೆ ಮಾತ್ರೆ

ರೀ,

ಅತ್ತೆ ಜೊತೆ ಖೆನಿಫ್ರಾ ಸಂತೆಗೆ ಹೊರಟೆ. ರೊಟ್ಟಿ ಬಟ್ಟೆಯಡಿ ಇದೆ. ಚಹಾ ನೀವೇ ಕಾಸಿಕೊಳ್ಳಿ. ಪುದೀನ ಎಲ್ಲಿ ಅಂತ ಊರೆಲ್ಲ ಕೇಳ್ಬೇಡಿ, ಹಿತ್ತಲಲ್ಲೇ ಇದೆ.

ನಾಯಿಗಳಿಗೆ ಹುಳದ ಮಾತ್ರೆ ಹಾಕೋ ಡಾಕ್ಟರು ಇವತ್ತು ಮತ್ತೆ ಬರ್ತಾರೆ. ಹೋದ ಸಲ ಅವರು, "ಬಸ್ಸೂ ಅಣ್ಣಾ, ಮಾತ್ರೆಗೆ ನೀವೆಷ್ಟು ಕೊಡ್ತೀರಿ?" ಅಂದಾಗ "ಅದು ನಮ್ಮ ನಾಯಿನೇ ಅಲ್ಲ" ಅಂದುಬಿಟ್ರಿ. ಅದು ನಿಮ್ಮ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು! ನಾನು ನಗು ತಡೆಯಲಾರದೆ ಒಳಗೋಡಿದೆ.

ನಾಯಿಯಿಂದ ಬಂದ ಅದೇ ಹುಳದಿಂದ ನನ್ನ ಹೊಟ್ಟೇಲಿ ಗಡ್ಡೆಯಾದಾಗ, ಆಪರೇಷನ್ನಿಗೆ ಹೋರಿ ಮಾರೋಕೆ ನೀವು ಹಿಂದೆಮುಂದೆ ನೋಡಲಿಲ್ಲ. ಒಂದು ಮಾತ್ರೆಗೆ ಯಾಕ್ರೀ ಇಷ್ಟು ಜಿಪುಣತನ? ಮೊಟ್ಟೆ ಮಾರಿದ ದುಡ್ಡು ಸಕ್ಕರೆ ಡಬ್ಬಿ ಹಿಂದಿದೆ, ಕೊಟ್ಟುಬಿಡಿ. ನಾಳೆ ಕುರಿ ಕೊಯ್ದಾಗ ಲಿವರ್‌ನಲ್ಲಿ ನೀರುಗುಳ್ಳೆ ಕಂಡ್ರೆ ನಾಯಿಗೆ ಎಸೀಬೇಡಿ, ಆಳವಾಗಿ ಹೂತುಹಾಕಿ. ಹುಳ ಅಲ್ಲಿಂದಲೇ ಅದರ ಹೊಟ್ಟೆ ಸೇರೋದು.

ನಾಯಿ ಹೊಸಬರ ಕೈಗೆ ಸಿಗಲ್ಲ. ನಾನು ನಿದ್ದೆ ಹೋದೆ ಅಂದ್ಕೊಂಡು ದಿನಾ ಬಾಗಿಲ ಹತ್ರ "ಬಾ ಮಗಳೇ, ಬಾ" ಅಂತ ಕರೆದು ರೊಟ್ಟಿ ತಿನ್ನಿಸ್ತೀರಲ್ಲ, ಇವತ್ತು ಡಾಕ್ಟರ ಎದುರಿಗೇ ಹಾಗೆ ಕರೀರಿ.

ನಿಮ್ಮ ಇಟ್ಟೋ