ಮೊದಲ ಜರಡಿಗೆ ರಸೀದಿ

9 ಜೂನ್ 1998, ಮಂಗಳವಾರ

ಮುಂಜಾನೆ ಭಟ್ಟಿ ಗಲ್ಲಿ. ಹೊಗೆ, ಕಣ್ಣುರಿ — ಎಂದಿನಂತೆ. ಖೈರುನ್ನೀಸಾ ಆಗಲೇ ಖೋಲಿ ಗುಡಿಸಿ ಚಾಪೆ ಹಾಸಿದ್ದಳು. ಹೆಸರಿಗೆ ಆಯಾ, ಆದರೆ ಬಾಲವಾಡಿ ನಡೆಯುವುದೇ ಅವಳಿಂದ. ತಾಯಂದಿರು ನಿದ್ದೆಗಣ್ಣಿನ ಕೂಸುಗಳನ್ನು ಅವಳ ಮಡಿಲಿಗೆ ಹಾಕಿ ಮಂಡಕ್ಕಿ ಭಟ್ಟಿಗೆ ಓಡುತ್ತಾರೆ. ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸ. ಅಲ್ಲಿ ಮಗು ತೆವಳಿದರೆ ಏನಾಗುತ್ತದೆ ಎಂದು ಈ ಗಲ್ಲಿಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬೋರ್ಡಿನ ಮೇಲೆ ನಮ್ಮ ಸಂಸ್ಥೆಯ ಉದ್ದ ಹೆಸರಿದೆ. ಜನರ ಬಾಯಲ್ಲಿ ಮಾತ್ರ 'ಮೇಷ್ಟ್ರ ಖೋಲಿ'.

ನಬೀ ಸಾಬರ ಭಟ್ಟಿಯಿಂದ ಮೊದಲ ಜರಡಿ ಬಂತು. ಬೆಳಗಿನ ಮೊದಲ ಜರಡಿ ಮಂಡಕ್ಕಿ ಮಕ್ಕಳದು, ಇಲ್ಲಿಯ ರೂಢಿ. ಒಂದೊಂದು ದಿನ ಒಂದೊಂದು ಭಟ್ಟಿಯವರು. ಯಾವತ್ತು ಯಾರ ಸರದಿ ಅಂತ ಯಾರೂ ಬರೆದಿಟ್ಟಿಲ್ಲ, ಯಾವತ್ತೂ ತಪ್ಪಿಲ್ಲ. ಖೋಲಿಯೂ ನಬೀ ಸಾಬರದೇ. ಬಾಡಿಗೆ ಇಲ್ಲ. ಅವರ ತಾಯಿ ಇಮಾಂಬೀ ಬದುಕಿದ್ದಾಗ ಮಗನಿಗೆ ಹೇಳಿ ಕೊಡಿಸಿದ್ದು.

ಮಧ್ಯಾಹ್ನ ದಿಲ್ಲಿಯ ಫೌಂಡೇಶನ್‌ನಿಂದ ಕಾಗದ. ನಮ್ಮ ಅರ್ಜಿ ಪಾಸಾಗಿದೆ! ಗ್ರಾಂಟು ಮಕ್ಕಳ ಹಾಲಿಗಲ್ಲ, ಆಯಾ ಸಂಬಳಕ್ಕಲ್ಲ. ಸಂಸ್ಥೆಯನ್ನು ಗಟ್ಟಿ ಮಾಡುವುದಕ್ಕೆ. ಕೆಪ್ಯಾಸಿಟಿ ಬಿಲ್ಡಿಂಗ್ ಅಂತೆ — ಆಫೀಸು, ಕಂಪ್ಯೂಟರ್, ತರಬೇತಿ, ಲೆಕ್ಕಪತ್ರದ ಪದ್ಧತಿ, ಕಾರ್ಯದರ್ಶಿಯಾದ ನನಗೊಂದು ಸಂಬಳ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ... ಆದರೂ ಖುಷಿಯಾಯಿತು, ಸುಳ್ಳು ಯಾಕೆ.

ಎಸ್‌ಟಿಡಿ ಬೂತಿನಿಂದ ಹರಿಹರಕ್ಕೆ, ಉಜ್ಜನಪ್ಪ ಮೇಷ್ಟ್ರಿಗೆ ಫೋನ್. ಬಾಲವಾಡಿ ಹುಟ್ಟುಹಾಕಿದವರು ಅವರು, ನಮ್ಮ ಅಧ್ಯಕ್ಷರು. ಎಪ್ಪತ್ತು ದಾಟಿದರೂ ವಾರಕ್ಕೆರಡು ಸಲ ಬಸ್ಸು ಹತ್ತಿ ಬಂದು ಮಕ್ಕಳಿಗೆ ಪೆಪ್ಪರ್‌ಮಿಂಟು ಹಂಚಿ ಹೋಗುತ್ತಾರೆ.

"ಹಾಲಿಗೆ ಕೊಡಲ್ಲಂತೇನು?"

"ಇಲ್ಲ ಮೇಷ್ಟ್ರೆ. ಸಂಸ್ಥೆಗೆ ಮಾತ್ರ."

"ಇರ್ಲಿ ಬಿಡವ್ವಾ ಮಂಗಳಾ. ಹಾಲು ಹೆಂಗೋ ಆಗ್ತೈತೆ. ನಾನು ಹೋದ ಮ್ಯಾಲೂ ಇದು ನಿಂದರಬೇಕು. ಅಷ್ಟಾದ್ರೆ ಸಾಕು ನನಗೆ."

22 ಜೂನ್, ಸೋಮವಾರ

ಫೌಂಡೇಶನ್‌ನವರು ಕಳಿಸಿದ ಸಲಹೆಗಾರ ಬಂದ. ಪ್ರಶಾಂತ ಅಂತ, ಬೆಂಗಳೂರಿನವನು. ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಕೆಟ್ಟವನಲ್ಲ. ಖೋಲಿಯ ಗೋಡೆ ತುಂಬ ಚಾರ್ಟ್ ಅಂಟಿಸಿದ. ಒಂದರ ಮೇಲೆ ವಿಷನ್, ಒಂದರ ಮೇಲೆ ಮಿಷನ್. ಎರಡಕ್ಕೂ ಏನು ವ್ಯತ್ಯಾಸ ಅಂತ ಮೂರು ಸಲ ಹೇಳಿದ. ಮೂರು ಸಲವೂ ಅರ್ಥವಾದಂತೆ ತಲೆ ಆಡಿಸಿದೆ.

"ಐದು ವರ್ಷದ ನಂತರ ಈ ಸಂಸ್ಥೆ ಎಲ್ಲಿರಬೇಕು? ಒಬ್ಬೊಬ್ಬರೇ ಹೇಳಿ."

ಖೈರುನ್ನೀಸಾ — "ಇಲ್ಲೇ ಇರಬೇಕ್ರಿ. ಮತ್ತೆಲ್ಲಿಗೆ ಹೋಗ್ತೈತೆ?"

ಎಲ್ಲರೂ ನಕ್ಕೆವು. ಅವನೂ ನಕ್ಕ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಸರ್, ಬೇಜಾರು ಮಾಡ್ಕೋಬೇಡಿ. ನಾಳೆ ನೀವಿಲ್ಲ ಅಂದ್ರೆ ಈ ರೂಮು ಇವರಿಗೆ ಉಳಿಯುತ್ತಾ? ಏನಾದ್ರೂ ಕಾಗದ ಇದೆಯಾ?"

ಇಲ್ಲ. ಇಮಾಂಬೀ ಬಾಯಿಮಾತು, ನಬೀ ಸಾಬರ ಒಳ್ಳೆಯತನ, ಅಷ್ಟೇ. ಮೇಷ್ಟ್ರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಬಸ್ಸು ಹತ್ತುವ ಮುಂಚೆ, "ಆ ಹುಡುಗ ಹೇಳೋದ್ರಾಗೆ ತಪ್ಪೇನಿಲ್ಲ. ಅವನು ಹೇಳ್ದಂಗೆ ಮಾಡು" ಅಂದರು.

15 ಜುಲೈ, ಬುಧವಾರ

ಗಲ್ಲಿಯಿಂದ ದೂರ, ಉಳ್ಳವರ ಬಡಾವಣೆ ಎಂ.ಸಿ.ಸಿ. ಬಿ ಬ್ಲಾಕ್‌ನಲ್ಲಿ ಆಫೀಸ್ ಶುರು. ಕೆಳಗಡೆ ಹಲ್ಲಿನ ಡಾಕ್ಟರು, ಮೇಲೆ ನಾವು. ಫೋನ್ ಬಂದಿದೆ. ಕಂಪ್ಯೂಟರ್ ಬಂದಿದೆ, ಕರೆಂಟು ಇದ್ದಾಗ ಓಡುತ್ತದೆ. ತಿರುಗುವ ಕುರ್ಚಿ ನನಗೆ. ಕೂತರೆ ಹಿಂದಕ್ಕೆ ಬಿದ್ದೇನು ಅಂತ ಭಯ.

ಖೈರುನ್ನೀಸಾಗೆ ಫೋಟೋ ಇರುವ ಐಡಿ ಕಾರ್ಡ್ ಕೊಟ್ಟೆ. ಕುತ್ತಿಗೆಗೆ ಹಾಕಿಕೊಂಡು ಇಡೀ ಗಲ್ಲಿ ಒಂದು ಸುತ್ತು ಬಂದಳಂತೆ. "ಅಕ್ಕಾ, ನನ್ನ ಹೆಸ್ರು ಅಚ್ಚಾಗಿದ್ದು ಇದೇ ಮೊದ್ಲು" ಅಂದಳು. ಎಷ್ಟು ವರ್ಷ ದುಡಿಸಿಕೊಂಡಿದ್ದೇವೆ ಅವಳನ್ನು. ಕಣ್ಣು ತುಂಬಿತು.

20 ಆಗಸ್ಟ್, ಗುರುವಾರ

ಪ್ರಶಾಂತ ಮತ್ತೆ ಬಂದಿದ್ದ. ಈ ಸಲ ಲೆಕ್ಕಪತ್ರ. ಮಂಡಕ್ಕಿ ಎಲ್ಲಿಂದ ಬರುತ್ತದೆ, ಯಾರು ಕೊಡುತ್ತಾರೆ, ದಾಖಲೆ ಎಲ್ಲಿ? ವಸ್ತು ರೂಪದಲ್ಲಿ ಬಂದರೂ ದೇಣಿಗೆ ದೇಣಿಗೆಯೇ. ಕೊಟ್ಟವರಿಗೆ ರಸೀದಿ ಕೊಡಬೇಕು. ಖೋಲಿಗೆ ಸ್ಟ್ಯಾಂಪ್ ಪೇಪರ್ ಮೇಲೆ ಕರಾರು ಆಗಬೇಕು. "ಸ್ಥಳೀಯರ ಬೆಂಬಲ ಎಷ್ಟಿದೆ ಅಂತ ತೋರಿಸಬಹುದು ಮೇಡಂ. ನಿಮಗೇ ಒಳ್ಳೇದು."

ಹೌದಲ್ಲ ಅನಿಸಿತು. ಇಷ್ಟು ವರ್ಷ ತಿಂದಿದ್ದಕ್ಕೆ ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ ನಾವು. ರಸೀದಿ ಪುಸ್ತಕ ಅಚ್ಚು ಹಾಕಿಸಿದೆ. ಹೊಸ ಲೋಗೋ — ಸೂರ್ಯ, ಕೆಳಗೆ ಮಗು.

24 ಆಗಸ್ಟ್, ಸೋಮವಾರ

ಬೆಳಿಗ್ಗೆಯೇ ಭಟ್ಟಿ ಭಟ್ಟಿಗೆ ಹೋಗಿ ರಸೀದಿ ಹಂಚಿದೆ. ನಬೀ ಸಾಬರು ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೇನ್ರಿ ಅಕ್ಕಾರೆ?"

"ಮೊದಲ ಜರಡಿ ಕೊಟ್ಟಿದ್ದಕ್ಕೆ ರಸೀದಿ, ಸಾಬರೆ. ಇನ್ಮೇಲೆ ಪ್ರತಿ ಸಲ ಕೊಡ್ತೀವಿ."

"ಬರೆದಿಟ್ರೆ ಅದು ಕೊಟ್ಟಂಗೆ ಆಗಲ್ರಿ. ಮಾರಿದಂಗೆ ಆಗ್ತೈತೆ." ಮಡಿಚಿ ನನ್ನ ಕೈಗೇ ವಾಪಸ್ ಇಟ್ಟರು. "ನನ್ನ ಬಿಡ್ರಿ. ಉಳಿದೋರಿಗೆ ಇದನ್ನ ಕೊಡಬ್ಯಾಡ್ರಿ. ಅಚ್ಚಾದ ಕಾಗದ ಕಂಡ್ರೆ ಸೇಲ್ಸ್ ಟ್ಯಾಕ್ಸಿನೋರು ನೆಪ್ಪಾಗ್ತಾರೆ."

ಕೊಟ್ಟು ಮುಗಿಸಿದ್ದೆ ಆಗಲೇ. ಖೋಲಿಯ ಕರಾರು ಪತ್ರವನ್ನೂ ಅವರ ಗಲ್ಲಾಪೆಟ್ಟಿಗೆ ಮೇಲೆ ಇಟ್ಟು ಬಂದೆ, ನಿಧಾನವಾಗಿ ಓದಿ ಸಹಿ ಮಾಡಿ ಅಂತ. ಜಾಣತನ!

31 ಆಗಸ್ಟ್, ಸೋಮವಾರ

ಬುಧವಾರ ಜರಡಿ ಬರಲಿಲ್ಲ. ಮರೆತಿರಬೇಕು ಅಂದುಕೊಂಡೆ. ಗುರುವಾರವೂ ಇಲ್ಲ. ಶನಿವಾರ ಖೈರುನ್ನೀಸಾ ತನ್ನ ಕೈಯಿಂದಲೇ ದುಡ್ಡು ಹಾಕಿ ಬಿಸ್ಕತ್ತು ತಂದಳು. ಇವತ್ತು ಒಬ್ಬ ಭಟ್ಟಿಯವನು ನನ್ನನ್ನು ಕಂಡು ಒಳಗೆ ಹೋಗಿಬಿಟ್ಟ. ನಾನೇನು ವಸೂಲಿಗೆ ಬಂದವಳೇ? ಅವನ ಕಣ್ಣಿಗೆ ಹಾಗೆಯೇ ಕಂಡಿರಬೇಕು.

14 ಸೆಪ್ಟೆಂಬರ್, ಸೋಮವಾರ

ರಸೀದಿ ಪುಸ್ತಕಗಳನ್ನೆಲ್ಲ ಹೊತ್ತೊಯ್ದು ನಬೀ ಸಾಬರ ಭಟ್ಟಿಯ ಬೆಂಕಿಗೇ ಹಾಕಿದೆ. ಅವರೆದುರಿಗೇ. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

"ರಸೀದಿ ಸುಟ್ರಿ. ಸ್ಟ್ಯಾಂಪ್ ಪೇಪರ್ ನನ್ನ ತಮ್ಮಂದಿರು ನೋಡ್ಬಿಟ್ಟಾರಲ್ರಿ" ಅಂದರು. ದನಿಯಲ್ಲಿ ಸಿಟ್ಟಿಲ್ಲ, ಸುಸ್ತು. "ಇವತ್ತು ಕರಾರು ಅಂತಾರೆ, ನಾಳೆ ಜಾಗನೇ ನಮ್ದು ಅಂತಾರೆ ಅಂತ ಕುಂತಾರೆ ಅವರು. ಜಾಗದಾಗೆ ಅವರದೂ ಪಾಲು ಐತೆ. ದಸರಾ ಹೊತ್ತಿಗೆ ಬಿಟ್ಟುಕೊಡ್ರಿ."

"ಇಮಾಂಬೀ ಕೊಟ್ಟಿದ್ದು ಸಾಬರೆ..."

"ಅಮ್ಮ ಕೊಟ್ಟಿದ್ದು ಮೇಷ್ಟ್ರಿಗೆ, ಬಾಯಿಮಾತ್ನಾಗೆ. ನೀವು ಕಾಗದ ಕೇಳಿದ್ರಿ."

ಮೇಷ್ಟ್ರು ಬಂದು ಎದುರು ಕೂತರೆ ಸಾಬರು ಕರಗುತ್ತಾರೆ. ಆದರೆ ಹೋದ ವಾರ ಮೇಷ್ಟ್ರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾರೆ. ಆಪರೇಷನ್ ಆಗಿದೆ. ಏಳುವಂತಿಲ್ಲ. ಮನಸ್ಸಿಗೆ ನೋವಾಗುವ ಸುದ್ದಿ ಬೇಡ ಅಂತ ಅವರ ಮಗಳು ಕೈ ಮುಗಿದಳು.

5 ಅಕ್ಟೋಬರ್, ಸೋಮವಾರ

ಖೋಲಿ ಬಿಟ್ಟುಕೊಟ್ಟು ವಾರವಾಯಿತು.

ಗಲ್ಲಿಯಲ್ಲೇ ಬೇರೆ ಜಾಗ ಬಾಡಿಗೆಗೆ ಇದೆ. ಪ್ರಶಾಂತನಿಗೆ ಫೋನ್ ಮಾಡಿದೆ. ಬಾಡಿಗೆ ಹಣ ಆಫೀಸಿಗೆ ಮಾತ್ರವಂತೆ, ಬಾಲವಾಡಿ 'ಕಾರ್ಯಕ್ರಮ'ದಲ್ಲಿ ಬರುತ್ತದಂತೆ, ಅದಕ್ಕೆ ಈ ಗ್ರಾಂಟು ಮುಟ್ಟುವಂತಿಲ್ಲವಂತೆ. "ನನಗೂ ಬೇಜಾರು ಮೇಡಂ, ರೂಲ್ಸ್ ನನ್ನ ಕೈಲಿಲ್ಲ." ನಿಜ, ಅವನ ಕೈಲಿಲ್ಲ. ಅಕ್ಕಿ ಗಿರಣಿ ಸಾಹುಕಾರರ ಹತ್ತಿರ ಹೋದೆ. ಖೈರುನ್ನೀಸಾಳ ಸಂಬಳ, ಹಾಲು ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಅವರು ನಕ್ಕರು. "ಎಂ.ಸಿ.ಸಿ.ಯಾಗೆ ಆಫೀಸು, ಕಂಪ್ಯೂಟ್ರು! ದಿಲ್ಲಿಯೋರೇ ಬೆನ್ನಿಗೆ ನಿಂತ ಮ್ಯಾಲೆ ನಮ್ಮದ್ಯಾಕ ಬೇಕವ್ವಾ?"

ಆಫೀಸಿನ ಹಾಲ್‌ನಲ್ಲೇ ಮಕ್ಕಳನ್ನು ಕೂರಿಸೋಣ ಅಂದೆ. ನಸುಕಿನಲ್ಲಿ ಭಟ್ಟಿಗೆ ಹೋಗುವ ಹೆಂಗಸು ಕೂಸು ಎತ್ತಿಕೊಂಡು ಬಿ ಬ್ಲಾಕಿಗೆ ಹೇಗೆ ಬಂದಾಳು? ಒಂದು ವಾರ ಬಾಗಿಲು ತೆರೆದು ಕಾದೆವು. ಯಾರೂ ಬರಲಿಲ್ಲ. ಕೆಳಗಿನ ಡಾಕ್ಟರ ಮಗ ಕಂಪ್ಯೂಟರ್ ನೋಡಲು ಬಂದಿದ್ದ.

ನನ್ನ ಸಂಬಳ ಬಂತು. ಸರಿಯಾದ ದಿನಕ್ಕೆ.

8 ಫೆಬ್ರವರಿ 1999, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ತರಬೇತಿ, ವರದಿ, ತರಬೇತಿಯ ವರದಿ.

ಇವತ್ತು ದಿಲ್ಲಿಯಿಂದ ಮೂವರು ಮೌಲ್ಯಮಾಪನಕ್ಕೆ ಬಂದಿದ್ದರು. ಫೈಲು ನೋಡಿ ಮೆಚ್ಚಿದರು. ಕೊನೆಗೆ "ಮಕ್ಕಳನ್ನು ನೋಡಬಹುದೇ?" ಅಂದರು. ಕೇಳುತ್ತಾರೆ ಅಂತ ಗೊತ್ತಿತ್ತು. ನಿನ್ನೆ ಗಲ್ಲಿಗೆ ಹೋಗಿ, ಮೇಷ್ಟ್ರ ಹೆಸರು ಹೇಳಿ, ಬೇಡಿಕೊಂಡು ಬಂದಿದ್ದೆ. ತಾಯಂದಿರು ಕೆಲಸ ಬಿಟ್ಟು ಆಫೀಸಿಗೆ ಬಂದರು. ಮಕ್ಕಳಿಗೆ ತಲೆ ಬಾಚಿ, ಪೌಡರ್ ಹಚ್ಚಿ ಕರೆತಂದಿದ್ದರು. ಖೈರುನ್ನೀಸಾ ಈಗ ಭಟ್ಟಿಯಲ್ಲೇ ಜರಡಿ ಹಿಡಿಯುತ್ತಾಳೆ. ಅವಳೂ ಬಂದಳು, ಕುತ್ತಿಗೆಯಲ್ಲಿ ಐಡಿ ಕಾರ್ಡ್.

ನೂರ್‌ಜಹಾನಳ ಮಗ ಸುಫಿಯಾನ್‌ನ ಅಂಗಾಲಿಗೆ ಬಟ್ಟೆ ಸುತ್ತಿತ್ತು. ಒಂದೂವರೆ ವರ್ಷದ ಕೂಸು. ದಿಲ್ಲಿಯ ಹೆಂಗಸು ಬಗ್ಗಿ, ಇದೇನು ಅಂತ ಕೇಳಿದಳು. ಅವರ ಜೊತೆ ಬಂದಿದ್ದ ಪ್ರಶಾಂತ ಕನ್ನಡಕ್ಕೆ ತಿರುಗಿಸಿದ. ನೂರ್‌ಜಹಾನ್ ನನ್ನ ಮುಖ ನೋಡಿದಳು.

"ಆಟ ಆಡ್ವಾಗ ಬಿದ್ದಾನ್ರಿ."

ಮರಳು. ಕಾದ ಮರಳಿನ ಮೇಲೆ ಕಾಲಿಟ್ಟಿದ್ದಾನೆ. ನನ್ನ ಮಾನ ಉಳಿಸಲು ಅವಳು ಸುಳ್ಳು ಹೇಳಿದಳು, ನಾನು ಹೇಳಗೊಟ್ಟೆ. ನಾಚಿಕೆಯಿಂದ ಸತ್ತೆ. ಸತ್ತವಳೇ ಎಲ್ಲರಿಗೂ ಟೀ ಕೊಟ್ಟೆ.

ಎಲ್ಲ ಹೋದ ಮೇಲೆ ಖೈರುನ್ನೀಸಾ ಕಾರ್ಡ್ ಬಿಚ್ಚಿ ಮೇಜಿನ ಮೇಲಿಟ್ಟಳು. "ಇದು ನಿಮ್ಮ ಹತ್ರನೇ ಇರ್ಲಿ ಅಕ್ಕಾ. ಅಲ್ಲಿ ಬಿಸಿಗೆ ಪ್ಲಾಸ್ಟಿಕ್ ಕರಗ್ತೈತೆ."

25 ಫೆಬ್ರವರಿ, ಗುರುವಾರ

ಎರಡನೇ ಹಂತದ ಗ್ರಾಂಟ್ ಮಂಜೂರು. ನಮ್ಮದು ಮಾದರಿ ಸಂಸ್ಥೆಯಂತೆ. ಬೇರೆ ಜಿಲ್ಲೆಯವರು ಬಂದು ನಮ್ಮನ್ನು ನೋಡಿ ಕಲಿಯಬೇಕಂತೆ.

ಮೇಷ್ಟ್ರಿಗೆ ನಿಜ ಹೇಳಿಯೇ ಬಿಡಬೇಕು ಅಂತ ಹರಿಹರಕ್ಕೆ ಹೋದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಅವರು ಕೋಲು ಹಿಡಿದು ಪಡಸಾಲೆಯಲ್ಲಿ ನಡೆಯುತ್ತಿದ್ದರು. ಇಳಿದುಹೋಗಿದ್ದಾರೆ, ಅಂಗಿ ಗೂಟಕ್ಕೆ ಹಾಕಿದಂತಿದೆ. ಬ್ಯಾಗಿನಿಂದ ಇಣುಕುತ್ತಿದ್ದ ಮಂಜೂರಾತಿ ಕಾಗದವನ್ನು ತಾವೇ ಎಳೆದು ಓದಿದರು. ಪೂರ್ತಿ ಓದಿ ಮತ್ತೆ ಮೊದಲಿಂದ ಓದಿದರು. ಕಣ್ಣಲ್ಲಿ ನೀರು.

"ಇನ್ನು ನಾನು ಸತ್ರೂ ಚಿಂತಿಲ್ಲ ಮಂಗಳಾ. ಗಟ್ಟಿ ಆತು."

ಅಲ್ಲಿ ಹೇಳಬೇಕಿತ್ತು. ಮಕ್ಕಳು ಹೆಂಗದಾವೆ ಅಂದರು. ಚೆನ್ನಾಗಿದ್ದಾರೆ ಅಂದೆ. ಆ ಅಳುಬುರುಕ ಸುಫಿಯಾನ್ ಈಗ ನಡೆಯುತ್ತಾನಾ ಅಂದರು. ನಡೆಯುತ್ತಾನೆ ಅಂದೆ.

"ಡಾಕ್ಟ್ರು ಹೂಂ ಅಂದ ದಿನ ಬರ್ತೀನಿ. ನೀನೇನೂ ಕರಿಯಾಕ ಬರಬ್ಯಾಡ."

2 ಮಾರ್ಚ್, ಮಂಗಳವಾರ, ಬೆಳಿಗ್ಗೆ

ಈಗಷ್ಟೇ ಆಫೀಸ್ ತೆರೆದೆ. ಫೋನ್. ನಬೀ ಸಾಬರು. ಖೋಲಿ ಬಿಟ್ಟ ಮೇಲೆ ಇದೇ ಮೊದಲ ಮಾತು.

"ಅಕ್ಕಾರೆ, ಮೇಷ್ಟ್ರು ಬಂದಾರ್ರಿ. ಬಸ್ ಇಳಿದು ಆಟೋ ಮಾಡ್ಕೊಂಡು ನೆಟ್ಟಗೆ ಇಲ್ಲಿಗೇ. ಖೋಲಿ ಮೆಟ್ಲ ಮ್ಯಾಲೆ ಕುಂತಾರೆ. ಬೀಗ ನೋಡಿ, ಖೈರುನ್ನೀಸಾ ಇವತ್ತು ತಡ ಮಾಡಿದ್ಲು ಅಂತಾರೆ. ಒಳಗೆ ನನ್ನ ಭತ್ತದ ಚೀಲ ಅದಾವೆ ಅಂತ ನಾ ಹೆಂಗ್ರಿ ಹೇಳ್ಲಿ?"

ಮೇಜಿನ ಮೇಲಿದ್ದ ಗಾಡಿ ಕೀಲಿ ಎತ್ತಿಕೊಂಡೆ.

"ನನ್ನ ಕೈಲಿ ಆಗಲ್ರಿ. ನೀವೇ ಬಂದು ಹೇಳ್ರಿ... ಅಯ್ಯೋ, ಅವರ ದನಿ ಕೇಳಿ ಭಟ್ಟಿ ಭಟ್ಟಿಯಿಂದ ಮಕ್ಕಳು ಹೊರಗೆ ಬರಾಕ ಹತ್ಯಾವೆ. ನೂರ್‌ಜಹಾನಳ ಹುಡುಗ ಕುಂಟ್ತಾ ಬರ್ತಾನೆ. ಸಾಲಾಗಿ ಕುಂದ್ರಿಸಿ ಪೆಪ್ಪರ್‌ಮಿಂಟು ಕೊಡ್ತಾ ಅದಾರೆ ನೋಡ್ರಿ. ಕಾಲಿಗೆ ಏನಾತೋ ಅಂತ ಕೇಳ್ತಾ ಅದಾರೆ..."

ಫೋನ್ ಇಟ್ಟಿದ್ದೇನೆ. ಗಾಡಿ ಕೀಲಿ ಕೈಯಲ್ಲೇ ಇದೆ. ಹೊರಡುವ ಬದಲು ಬರೆಯುತ್ತ ಕೂತಿದ್ದೇನೆ. ಎಲ್ಲಿಂದ ಶುರು ಮಾಡಲಿ? ಮೇಷ್ಟ್ರೆ, ಸಂಸ್ಥೆ ಗಟ್ಟಿಯಾಗಿದೆ. ಮೇಷ್ಟ್ರೆ, ಆಫೀಸು ಇದೆ, ಫೋನಿದೆ, ನಾನಿದ್ದೇನೆ. ಮೇಷ್ಟ್ರೆ, ಸುಫಿಯಾನ್‌ನ ಕಾಲು —